ಬೀಗ ಬಿದ್ದ ಫೈಲುಗಳು: ಫಾರ್ಮ್ಯಾಟ್ ಮಾಡಲೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಪಿಡಿಎಫ್ ತಿದ್ದುವ ಸಾಫ್ಟ್‌ವೇರೊಂದನ್ನು ಮೊಮ್ಮಗ ಪುಕ್ಕಟೆ ಸಿಕ್ಕಿತೆಂದು ಮನೆಯ ಕಂಪ್ಯೂಟರಿಗೆ ಹಾಕಿದ. ಮರುದಿನದಿಂದ ಒಂದು ಫೋಟೋವೂ ತೆರೆಯುತ್ತಿಲ್ಲ. ಎಲ್ಲ ಫೈಲುಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಅಂಟಿಕೊಂಡಿವೆ. '_ರೀಡ್‌ಮಿ' ಎಂಬ ಫೈಲಿನಲ್ಲಿ 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಸಾಕು ಎಂದಿದೆ. ತೀರಿಕೊಂಡ ಹೆಂಡತಿಯ ಫೋಟೋಗಳು, ನಾನೇ ತೆಗೆದ ಯಕ್ಷಗಾನದ ವಿಡಿಯೋಗಳು ಅದರಲ್ಲಿವೆ. ಎಲ್ಲರೂ ಫಾರ್ಮ್ಯಾಟ್ ಮಾಡಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮಾಷ್ಟ್ರೇ, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. 2019ರ ಮಳೆಗಾಲದಲ್ಲಿ ಮಲ್ಪೆಯವರೊಬ್ಬರು ಇದೇ ತೊಂದರೆ ಹಿಡಿದುಕೊಂಡು ಉಡುಪಿಯ ನನ್ನ ಅಂಗಡಿಗೆ ಬಂದಿದ್ದರು. ವೈರಸ್ ಹೋದರೆ ಸಾಕು ಅಂತ ನಾನು ಡಿಸ್ಕ್ ಪೂರ್ತಿ ಅಳಿಸಿಬಿಟ್ಟೆ. ಆ ಅಕ್ಟೋಬರಿನಲ್ಲೇ ಎಮ್ಸಿಸಾಫ್ಟ್ ಎಂಬ ಆ್ಯಂಟಿವೈರಸ್ ಕಂಪನಿಯವರು ಬೀಗ ಬಿಚ್ಚುವ ಸಾಫ್ಟ್‌ವೇರನ್ನು ಪುಕ್ಕಟೆಯಾಗಿ ಕೊಟ್ಟರು. ಆದರೆ ಬಿಚ್ಚಲು ಆ ಮಲ್ಪೆಯವರ ಹತ್ತಿರ ಏನೂ ಉಳಿದಿರಲಿಲ್ಲ. ಮಗುವಿನ ನಾಮಕರಣದ ಫೋಟೋಗಳವು. ಇವತ್ತಿಗೂ ನನಗೆ ಬೇಜಾರಿದೆ.

ನೀವು ಬರೆದ ಲಕ್ಷಣ ನೋಡಿದರೆ ಇದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ (ರಾನ್ಸಮ್‌ವೇರ್), 'ಸ್ಟಾಪ್' ಅಥವಾ 'ಡಿಜೆವು' ಎಂದು ಕರೆಯುವ ಜಾತಿ. ಹೆಚ್ಚಾಗಿ ಕ್ರ್ಯಾಕ್ ಮಾಡಿದ, ಅಂದರೆ ಕಳ್ಳದಾರಿಯಲ್ಲಿ ಪುಕ್ಕಟೆ ಸಿಗುವ ಸಾಫ್ಟ್‌ವೇರಿನ ಜೊತೆಗೇ ಬರುತ್ತದೆ. ವೈರಸ್ ತೆಗೆಯುವುದು ಬೇರೆ, ಬೀಗ ಬಿಚ್ಚುವುದು ಬೇರೆ. ಮೊದಲನೆಯದು ಸುಲಭ. ಇಂಟರ್ನೆಟ್ ಕಿತ್ತುಹಾಕಿ. ಪೆನ್‌ಡ್ರೈವ್ ಚುಚ್ಚಬೇಡಿ, ಅದಕ್ಕೂ ಬೀಗ ಬೀಳಬಹುದು. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಒತ್ತಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹುಡುಕುತ್ತದೆ. ಇನ್ನೂ ನಿಶ್ಚಿಂತೆ ಬೇಕಾದರೆ ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ಎತ್ತಿಟ್ಟು, ಹೊಸದರಲ್ಲಿ ವಿಂಡೋಸ್ ಹಾಕಿಸಿ. ನಾನಾದರೆ ಹೀಗೇ ಮಾಡುತ್ತೇನೆ.

ಇನ್ನು ಬೀಗ. ಈ ವೈರಸ್ ತನ್ನ ಸರ್ವರಿಗೆ ತಲುಪಿದರೆ ನಿಮ್ಮ ಕಂಪ್ಯೂಟರಿಗೇ ಬೇರೆ ಕೀ ತರುತ್ತದೆ. ತಲುಪದಿದ್ದರೆ ತನ್ನೊಳಗೇ ಇರುವ, ಎಷ್ಟೋ ಜನರಿಗೆ ಬಳಸಿದ ಒಂದೇ ಕೀ ಹಾಕುತ್ತದೆ. ಆ '_ರೀಡ್‌ಮಿ' ಫೈಲಿನ ಕೊನೆಯಲ್ಲಿ ಒಂದು ಉದ್ದದ ಐಡಿ ಇರುತ್ತದೆ, ನೋಡಿ. ಅದು 'ಟಿ1' ಎಂದು ಮುಗಿದರೆ ಎರಡನೆಯದು. ಆ ಕೀ ಯಾರಿಗಾದರೂ ಸಿಕ್ಕಿದ್ದರೆ ಎಮ್ಸಿಸಾಫ್ಟ್‌ನ ಸಾಫ್ಟ್‌ವೇರ್ ನಿಮ್ಮ ಫೈಲನ್ನೂ ಬಿಚ್ಚುತ್ತದೆ. ಇಂದು ಸಿಗದಿದ್ದರೆ ಮುಂದೆ ಸಿಗಬಹುದು. ಅದಕ್ಕೇ ಬೀಗ ಬಿದ್ದ ಫೈಲು, ಆ '_ರೀಡ್‌ಮಿ' ಪತ್ರ, ಎರಡನ್ನೂ ಜೋಪಾನ ಮಾಡಿ ಅನ್ನುವುದು. ನಿಮಗೇ ಬೇರೆ ಕೀ ತಂದ ಮೊದಲನೆಯ ಬಗೆಯಾಗಿದ್ದರೆ ಸದ್ಯಕ್ಕೆ ದಾರಿ ಇಲ್ಲ, ನಿಮಗೆ ಸುಮ್ನೆ ಆಸೆ ಹುಟ್ಟಿಸಲಾರೆ. 2016ರಲ್ಲಿ ನೆದರ್ಲೆಂಡ್ಸ್ ಪೊಲೀಸರು, ಯೂರೋಪೋಲ್ (ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ) ಮೊದಲಾದವರು ಸೇರಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ಎಂಬ, ಬೀಗ ಬಿಚ್ಚುವ ಸಾಫ್ಟ್‌ವೇರುಗಳ ತಾಣವನ್ನು ಆಗಾಗ ನೋಡುತ್ತಿರಿ. ಅಲ್ಲಿ ಎಲ್ಲವೂ ಪುಕ್ಕಟೆ. ದುಡ್ಡು ಕೇಳಿ 'ಗ್ಯಾರಂಟಿ ಬಿಚ್ಚಿಕೊಡುತ್ತೇವೆ' ಅನ್ನುವವರನ್ನು ನಂಬಬೇಡಿ. ಬೀಗ ಹಾಕಿದವರಿಗೂ ಒಂದು ರೂಪಾಯಿ ಕೊಡಬೇಡಿ. ದುಡ್ಡು ಹೋಗಿ ಕೀಯೂ ಬಾರದೆ ಹೋಗಬಹುದು.

ಯಕ್ಷಗಾನದ ವಿಡಿಯೋಗಳ ಬಗ್ಗೆ ನನಗೆ ಆಸೆ ಜಾಸ್ತಿ. ಈ ವೈರಸ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ. ಒಂದು ಪ್ರಸಂಗದ ವಿಡಿಯೋ ಕೆಲವು ಜಿಬಿ ಇರುತ್ತದೆ ಅಲ್ವಾ? ಚೆಂಡೆ ಪೆಟ್ಟಿನಿಂದ ಮಂಗಳದವರೆಗೆ ಹೆಚ್ಚುಕಡಿಮೆ ಎಲ್ಲವೂ ಹಾಗೇ ಉಳಿದಿದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಸರಿಯಾದ ವಿಡಿಯೋ ಮಾದರಿಗೆ ಸಿಕ್ಕರೆ, ಎಷ್ಟೋ ಸಲ ರಿಪೇರಿ ಆಗುತ್ತದೆ.

ಈ ವೈರಸ್ಸಿನ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಬರುವುದುಂಟು. ಬ್ಯಾಂಕ್, ಇಮೇಲ್ ಪಾಸ್‌ವರ್ಡುಗಳನ್ನು ಇವತ್ತೇ ಮೊಬೈಲಿನಿಂದ ಬದಲಿಸಿ. ಖಾತೆಯಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರನ್ನು ಉಡುಪಿಯ ಸೆನ್ (ಸೈಬರ್ ಅಪರಾಧದ ಪೊಲೀಸ್) ಠಾಣೆಯಲ್ಲಿ ಕೊಡಬಹುದು.

ನಿಮ್ಮ ಹೆಂಡತಿಯವರ ಫೋಟೋಗಳನ್ನು ಯಾರಿಗೆಲ್ಲ ವಾಟ್ಸಾಪ್ ಮಾಡಿದ್ದಿರಿ, ನೆನಪು ಮಾಡಿಕೊಳ್ಳಿ. ನೆಂಟರಿಗೆ ಈಗಲೇ ಹೇಳಿ, ಫೋನ್ ಖಾಲಿ ಮಾಡುವ ಮೊದಲು ಕಳಿಸಲಿ. ಮದುವೆ, ಗೃಹಪ್ರವೇಶ ತೆಗೆದ ಸ್ಟುಡಿಯೋದವರಲ್ಲೂ ಕೇಳಿ. ಮೊಮ್ಮಗನಿಗೆ ಬೈಯಬೇಡಿ, ಈ ಹುಡುಕುವ ಕೆಲಸ ಅವನಿಗೇ ಕೊಡಿ. ಉಡುಪಿಗೆ ಬರುವಾಗ ಡಿಸ್ಕಿನ ಜೊತೆ ಆ ಕ್ಯಾಮೆರಾದ ಕಾರ್ಡನ್ನೂ ತನ್ನಿ ಮಾಷ್ಟ್ರೇ. ಮೊದಲು ಒಂದು ಪ್ರಸಂಗ ಹಾಕಿ ನೋಡೋಣ.