20 ಶಿಲ್ಲಿಂಗ್ ತೆರಿಗೆಗೆ ಅಷ್ಟು ದೊಡ್ಡ ಜಗಳವೇ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ಜಗಳವನ್ನು ಪ್ರಜಾಪ್ರಭುತ್ವದ ಹೋರಾಟ ಅಂತ ಶಾಲೆಯಲ್ಲಿ ಕಲಿತೆವು. ಆ ಪಾರ್ಲಿಮೆಂಟಿನಲ್ಲಿ ಇದ್ದವರು ಜಮೀನ್ದಾರರು, ವಕೀಲರು, ದೊಡ್ಡ ವ್ಯಾಪಾರಿಗಳು. ತಮ್ಮ ದುಡ್ಡು ಉಳಿಸಿಕೊಳ್ಳಲು ಹೊಡೆದಾಡಿದರು, ಅಷ್ಟೇ ಅಲ್ವಾ? ಬಡವರಿಗೆ ಏನು ಸಿಕ್ಕಿತು?"

ಅಲ್ಲಿ ಕೂತಿದ್ದವರು ಉಳ್ಳವರು ಅನ್ನುವುದು ನಿಜ. ಆದರೆ ಜಗಳ ಬರೀ ದುಡ್ಡಿನದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಜಾನ್ ಹ್ಯಾಂಪ್ಡನ್ ಕೇಸನ್ನೇ ನೋಡಿ.

ಯುದ್ಧದ ಭಯ ಇದ್ದಾಗ ಕರಾವಳಿಯ ಊರುಗಳು ರಾಜನಿಗೆ ಹಡಗು ಕೊಡಬೇಕು, ಇಲ್ಲವೇ ಅದರ ಖರ್ಚು ಕೊಡಬೇಕು ಎಂಬ ಹಳೆಯ ಪದ್ಧತಿ ಇತ್ತು. 1629ರಲ್ಲಿ ಪಾರ್ಲಿಮೆಂಟನ್ನು ಮನೆಗೆ ಕಳಿಸಿದ ಚಾರ್ಲ್ಸ್ ಮುಂದೆ 11 ವರ್ಷ ಅದನ್ನು ಕರೆಯಲೇ ಇಲ್ಲ. ಹಣ ಮಾತ್ರ ಬೇಕಿತ್ತು. 1634ರಲ್ಲಿ ಕರಾವಳಿಯಲ್ಲಿ ಈ ಹಡಗಿನ ತೆರಿಗೆ ಹಾಕಿದ. ಮರುವರ್ಷ ಸಮುದ್ರವನ್ನೇ ಕಾಣದ ಒಳನಾಡಿಗೂ ಹಾಕಿದ. ಬಕಿಂಗ್‌ಹ್ಯಾಮ್‌ಶೈರ್‌ನ ಹ್ಯಾಂಪ್ಡನ್ ತನ್ನ ಪಾಲಿನ 20 ಶಿಲ್ಲಿಂಗ್, ಅಂದರೆ ಒಂದು ಪೌಂಡ್, ಕೊಡಲಿಲ್ಲ. ಅವನು ಶ್ರೀಮಂತ. ಆ ಹಣ ಅವನಿಗೆ ಲೆಕ್ಕಕ್ಕೇ ಇಲ್ಲ.

ಕೋರ್ಟಿನಲ್ಲಿ ರಾಜನ ಕಡೆಯ ವಾದ ಏನು ಗೊತ್ತೇ? ದೇಶಕ್ಕೆ ಅಪಾಯ ಬಂದಿದೆಯೇ ಇಲ್ಲವೇ ಎಂದು ಹೇಳಬೇಕಾದವನು ರಾಜ ಒಬ್ಬನೇ. ಇದನ್ನು ಒಪ್ಪಿಕೊಂಡರೆ ಕಥೆ ಮುಗಿದಂತೆ. ಯಾವತ್ತು ಬೇಕಾದರೂ ಅಪಾಯ ಅನ್ನಬಹುದು, ಎಷ್ಟು ಬೇಕಾದರೂ ಕೇಳಬಹುದು, ಪಾರ್ಲಿಮೆಂಟಿನ ಅಗತ್ಯವೇ ಬೀಳುವುದಿಲ್ಲ. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಜನ ರಾಜನ ಪರ ನಿಂತರು, 5 ಜನ ಹ್ಯಾಂಪ್ಡನ್ ಪರ. ರಾಜ ಗೆದ್ದ. ಆದರೆ ರಾಜನ ಕೋರ್ಟಿನಲ್ಲೇ ಐವರು ಅವನ ಮಾತನ್ನು ಒಪ್ಪಲಿಲ್ಲ ಎಂಬ ಸುದ್ದಿ ಊರೂರಿಗೆ ಹಬ್ಬಿತು. 1639ರ ಹೊತ್ತಿಗೆ ವಸೂಲಿ ಬಿದ್ದೇ ಹೋಯಿತು.

ಅಷ್ಟರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಚಾರ್ಲ್ಸ್ ಯುದ್ಧಕ್ಕೆ ಸಿಕ್ಕಿಕೊಂಡ. ಖಜಾನೆ ಖಾಲಿ. 1640ರಲ್ಲಿ ಪಾರ್ಲಿಮೆಂಟ್ ಕರೆಯದೆ ಬೇರೆ ದಾರಿ ಇರಲಿಲ್ಲ. ಮರುವರ್ಷ ಅದು ಹಡಗಿನ ತೆರಿಗೆಯನ್ನು ಕಾನೂನುಬಾಹಿರ ಎಂದು ಸಾರಿತು. 1642ರ ಜನವರಿ 4ರಂದು ಹ್ಯಾಂಪ್ಡನ್ ಸೇರಿ ಐವರು ಸದಸ್ಯರನ್ನು ಹಿಡಿಯಲು ರಾಜ ಸೈನಿಕರ ಜೊತೆ ಬಂದು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯೊಳಗೆ ಕಾಲಿಟ್ಟ. ಅವರು ಅದಾಗಲೇ ಜಾಗ ಖಾಲಿ ಮಾಡಿದ್ದರು. ಎಲ್ಲಿ ಎಂದು ಕೇಳಿದಾಗ ಸ್ಪೀಕರ್ ವಿಲಿಯಂ ಲೆಂಥಾಲ್ ಮಂಡಿಯೂರಿ, ಈ ಸಭೆ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ನೋಡಲು ನನಗೆ ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂದ. ರಾಜನ ಮುಖಕ್ಕೇ ಹಾಗೆ ಹೇಳಲು ಎಂಥ ಗಟ್ಟಿ ಗುಂಡಿಗೆ ಬೇಕು! ಆಗಸ್ಟಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾಯಿತು. ಹ್ಯಾಂಪ್ಡನ್ 1643ರಲ್ಲಿ ಗಾಯಗೊಂಡು ಸತ್ತ. ಕೊನೆಗೆ ರಾಜ ಸೋತ. 1649ರ ಜನವರಿ 30ರಂದು ರಾಜನ ತಲೆ ಉರುಳಿತು.

ಗೆದ್ದವರೆಲ್ಲ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ರಾಜನ ವಿಚಾರಣೆಗೆ ಮೊದಲು ಪಾರ್ಲಿಮೆಂಟ್ ಕಡೆಯ ಸೈನ್ಯವೇ ತನಗೆ ಬೇಡದ ಸದಸ್ಯರನ್ನು ಬಾಗಿಲಲ್ಲೇ ತಡೆದಿತ್ತು. 1653ರಲ್ಲಿ ಆ ಸೈನ್ಯದ ನಾಯಕ ಕ್ರಾಮ್‌ವೆಲ್ ಉಳಿದವರನ್ನೂ ಸೈನಿಕರಿಂದ ಹೊರಗೆ ಹಾಕಿಸಿದ. ರಾಜ ಮಾಡಲಾಗದ್ದನ್ನು ಅವನು ಮಾಡಿದ.

ಇನ್ನು ಬಡವರ ವಿಷಯ. ನಿಮ್ಮ ಪ್ರಶ್ನೆಯನ್ನು ಆ ಕಾಲದಲ್ಲೇ ಒಬ್ಬ ಎತ್ತಿದ್ದ. 1647ರಲ್ಲಿ ಲಂಡನ್ ಹತ್ತಿರದ ಪಟ್ನಿಯ ಚರ್ಚಿನಲ್ಲಿ ಪಾರ್ಲಿಮೆಂಟ್ ಕಡೆಯ ಸೈನಿಕರು ಸೇರಿ ಚರ್ಚೆ ಮಾಡಿದರು. ಕರ್ನಲ್ ಥಾಮಸ್ ರೇನ್ಸ್‌ಬರೋ ಎದ್ದು, ಇಂಗ್ಲೆಂಡಿನ ಕಡುಬಡವನಿಗೂ ದೊಡ್ಡವನ ಹಾಗೆಯೇ ಬಾಳಬೇಕಾದ ಒಂದು ಬದುಕಿದೆ, ಅವನ ಒಪ್ಪಿಗೆ ಇಲ್ಲದೆ ಅವನನ್ನು ಆಳಬಾರದು ಎಂದ. ಕ್ರಾಮ್‌ವೆಲ್‌ನ ಅಳಿಯ ಐರ್ಟನ್ ಒಪ್ಪಲಿಲ್ಲ. ಆಸ್ತಿ ಇದ್ದವರಿಗೇ ಮತ ಎಂದ. ಐರ್ಟನ್ ಮಾತೇ ನಡೆಯಿತು.

1689ರ ಹಕ್ಕುಗಳ ಶಾಸನ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ರಾಜ ತೆರಿಗೆ ಹಾಕಬಾರದು ಎಂದು ಬರೆದಿಟ್ಟಿತು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಇಲ್ಲ ಎನ್ನುವ ನಮ್ಮ ಸಂವಿಧಾನದ 265ನೇ ವಿಧಿಯ ಹಿಂದೆ ಇರುವುದೂ ಅದೇ ವಿಚಾರ. ಇದರಿಂದ ಆಗಿನ ಬಡವನಿಗೆ ಮತ ಸಿಗಲಿಲ್ಲ, ನಿಜ. ಬ್ರಿಟನ್ನಿನ ಎಲ್ಲ ಗಂಡಸರಿಗೂ ಅದು ಸಿಕ್ಕಿದ್ದು 1918ರಲ್ಲಿ, ಹೆಂಗಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ಆದರೆ ಅವರು ಆ ಮತ ಹಾಕಿದ್ದು ರಾಜ ಮನಸ್ಸು ಬಂದಾಗ ಮುಚ್ಚಬಹುದಾದ ಸಭೆಗಲ್ಲ, ಖಜಾನೆಯ ಬೀಗದ ಕೈ ಹಿಡಿದ ಸಭೆಗೆ.