ಬಿಸಿಲಿಗೆ ತಾನೇ ಬದಲಾಗುವ ಕಿಟಕಿ ಫಿಲಂಗೆ ಕಾಯಬೇಕಾ?

ಪ್ರಶ್ನೆ: ನಮ್ಮ ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕಿದೆ. ಏಪ್ರಿಲ್, ಮೇ ಬಂದರೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರೋಕಾಗಲ್ಲ. ಕಪ್ಪು ಫಿಲಂ ಅಂಟಿಸಿದರೆ ಮನೆ ಕತ್ತಲು. ಬಿಸಿ ಏರಿದಾಗ ತಾನೇ ಬದಲಾಗಿ ಶಾಖ ತಡೆಯುವ ಫಿಲಂ ಇದೆ, ಮತ್ತೆ ಮತ್ತೆ ಬರೆಯಬಲ್ಲ ಸಿಡಿಯಲ್ಲಿ ಇದ್ದದ್ದೂ ಅಂಥದ್ದೇ ಎನ್ನುತ್ತಾಳೆ ಮಗಳು. ನಿಜವೇ? ಅದಕ್ಕಾಗಿ ಕಾಯಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗಳು ಹೇಳಿದಂಥ ಫಿಲಂ ಇರುವುದು ನಿಜ, ಸಿಡಿಯಲ್ಲಿದ್ದದ್ದು ಮಾತ್ರ ಬೇರೆ. ಆದರೂ ನಿಮ್ಮ ಕಿಟಕಿಗೆ ಅದನ್ನು ಕಾಯಬೇಡಿ.

ಆ ವಸ್ತು ವೆನೇಡಿಯಂ ಡೈಆಕ್ಸೈಡ್. ಇದರ ಗುಣವನ್ನು 1959ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಫ್. ಜೆ. ಮೊರಿನ್. ತಣ್ಣಗಿದ್ದಾಗ ಇದರಲ್ಲಿನ ವೆನೇಡಿಯಂ ಪರಮಾಣುಗಳು ಜೋಡಿ ಜೋಡಿಯಾಗಿರುತ್ತವೆ, ಎಲೆಕ್ಟ್ರಾನ್‌ಗಳು ಅಲ್ಲೇ ಸಿಕ್ಕಿಕೊಂಡಿರುತ್ತವೆ. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿತೋ, ಜೋಡಿ ಬಿಟ್ಟುಹೋಗುತ್ತದೆ, ಎಲೆಕ್ಟ್ರಾನ್‌ಗಳು ಓಡಾಡತೊಡಗುತ್ತವೆ. ವಸ್ತು ಕರಗುವುದಿಲ್ಲ, ಗಟ್ಟಿಯಾಗಿದ್ದುಕೊಂಡೇ ಲೋಹವಾಗುತ್ತದೆ. ಲೋಹವಾದ ಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಈ ಕಿರಣಗಳಲ್ಲೇ!

ಇಂಥ ಲೇಪನವಿರುವ ಗಾಜಿನ ತುಂಡನ್ನು ಹಾಟ್‌ಪ್ಲೇಟ್ ಮೇಲಿಟ್ಟು ನೋಡಬೇಕು. ಲೇಪನದ ದಪ್ಪ ಮಿಲಿಮೀಟರ್‌ನ ಹತ್ತು ಸಾವಿರದಲ್ಲೊಂದು ಭಾಗ ಇದ್ದರೆ ಸಾಕು. ಕಣ್ಣಿಗೆ ಅದೇ ಹಳದಿ ಮಿಶ್ರಿತ ಕಂದು ಬಣ್ಣ, ಆಚೆಗಿನ ದೀಪ ಹೆಚ್ಚುಕಡಿಮೆ ಹಾಗೇ ಕಾಣುತ್ತಿರುತ್ತದೆ. ಇನ್‌ಫ್ರಾರೆಡ್ ಮೀಟರ್‌ನ ಅಂಕಿ ಮಾತ್ರ ದಬಕ್ಕನೆ ಇಳಿಯುತ್ತದೆ. ತಣಿದಾಗ ಮತ್ತೆ ಏರುತ್ತದೆ, ಆದರೆ ಇಳಿದ ಬಿಸಿಗಿಂತ ಕೆಲವು ಡಿಗ್ರಿ ಕೆಳಗೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಪ್ರಯೋಗ ಇದು.

ಸಿಡಿಯದ್ದು ಬೇರೆ ಜಾತಿ. ಅದರಲ್ಲಿ ಆಂಟಿಮನಿ, ಟೆಲ್ಲೂರಿಯಂ ಸೇರಿದ ಮಿಶ್ರಣವಿರುತ್ತದೆ. ಲೇಸರ್ ತಾಗಿಸಿ ಬದಲಿಸಿದರೆ ಹಾಗೇ ಉಳಿಯುತ್ತದೆ, ತಾನಾಗಿ ಹಿಂದಿರುಗುವುದಿಲ್ಲ. ಚಿಪ್‌ನೊಳಗೆ ಬೆಳಕಿನ ದಾರಿ ತಿರುಗಿಸಲು ಇಂಥವು ಬಲು ಉಪಯುಕ್ತ. ಕಿಟಕಿಗೆ ಅಲ್ಲ.

ಕಿಟಕಿಯ ತೊಡಕು ಏನೆಂದರೆ, ಮನೆಯ ಗಾಜು 68 ಡಿಗ್ರಿವರೆಗೆ ಬಿಸಿಯಾಗುವುದಿಲ್ಲ. ಸ್ವಲ್ಪ ಟಂಗ್‌ಸ್ಟನ್ ಬೆರೆಸಿ ಆ ಮಿತಿಯನ್ನು ಕೋಣೆಯ ಉಷ್ಣತೆಯ ಆಸುಪಾಸಿಗೆ ಇಳಿಸಬಹುದು, ಆದರೆ ತಡೆಯುವ ತಾಕತ್ತೂ ಸಾಮಾನ್ಯವಾಗಿ ಕುಗ್ಗುತ್ತದೆ. ತೇವದ ಗಾಳಿಯಲ್ಲಿ ಲೇಪನ ಮೆಲ್ಲಗೆ ಬೇರೆ ಆಕ್ಸೈಡ್ ಆಗಿಬಿಡುತ್ತದೆ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೇನು ಕಮ್ಮಿ? ಮೇಲೊಂದು ರಕ್ಷಣೆಯ ಪದರ ಬೇಕೇ ಬೇಕು.

ಇವೆಲ್ಲ ಸರಿಹೋದರೂ ಒಂದು ಮಾತು ಉಳಿಯುತ್ತದೆ. ಬದಲಾಗುವ ಗಾಜು ಬೇಕಾಗುವುದು ಚಳಿಗಾಲದಲ್ಲಿ ಬಿಸಿಲಿನ ಶಾಖ ಒಳಗೆ ಬರಲಿ, ಬೇಸಿಗೆಯಲ್ಲಿ ಬೇಡ ಅನ್ನುವ ಊರುಗಳಿಗೆ. ಡೊಂಬಿವಲಿಯಲ್ಲಿ ಮಧ್ಯಾಹ್ನದ ಶಾಖ ಬೇಕು ಅನ್ನಿಸುವ ದಿನ ವರ್ಷದಲ್ಲಿ ಎಷ್ಟಿದ್ದಾವು? ನಿಮಗೆ ಸದಾ ತಡೆಯುವ ಫಿಲಂ ಸಾಕು, ಬೆಳಕು ಬಿಟ್ಟು ಇನ್‌ಫ್ರಾರೆಡ್ ತಡೆಯುವಂಥದ್ದು. ಕಪ್ಪು ಫಿಲಂ ಬೆಳಕನ್ನೂ ನುಂಗಿ ಗಾಜನ್ನೇ ಕಾಯಿಸುತ್ತದೆ, ಆ ಶಾಖದಲ್ಲಿ ಒಂದು ಪಾಲು ಒಳಗೇ ಬರುತ್ತದೆ. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಎಸ್‌ಎಚ್‌ಜಿಸಿ ಅಂಕಿ ಕೇಳಿ, ಅಂದರೆ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎನ್ನುವ ಲೆಕ್ಕ. ಬರೀ ಗಾಜಿಗೆ ಅದು 0.8ಕ್ಕಿಂತ ಜಾಸ್ತಿ. ಎಷ್ಟು ಕಡಿಮೆಯೋ ಅಷ್ಟು ತಂಪು.

ಸೊಸೈಟಿಯವರು ಒಪ್ಪಿದರೆ ಮೊದಲು ಗ್ರಿಲ್‌ನ ಹೊರಗಡೆ ಒಂದು ಬಿದಿರಿನ ಪರದೆ ಇಳಿಬಿಡಿ. ಬಿಸಿಲು ಗಾಜನ್ನೇ ಮುಟ್ಟದ ಹಾಗೆ ಮಾಡುವುದು ಯಾವ ಫಿಲಂಗಿಂತಲೂ ಮೇಲು.