ಬಾಕಿ ಪತ್ರ, ದರದ ಚೀಟಿ, ದೂರಿಗೆ ಉತ್ತರ: ವ್ಯವಹಾರದ ಬರವಣಿಗೆ ಬಗ್ಗೆ ಓದುಗರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸಣ್ಣ ಉದ್ದಿಮೆದಾರರು, ಮಿಲ್ಲು ಮತ್ತು ಅಂಗಡಿಗಳ ಗುಮಾಸ್ತರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದಿದ್ದೇವೆ. ವ್ಯಕ್ತಿ, ಸಂಸ್ಥೆಗಳ ಹೆಸರು ಬಿಟ್ಟಿದ್ದೇವೆ. ಮಾದರಿಗಳಲ್ಲಿರುವ ಮೊತ್ತ, ದರ, ತಾರೀಖುಗಳು ಉದಾಹರಣೆಗೆ ಮಾತ್ರ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಪಾರ್ಟಿಯವರು ಕಟಿಂಗ್ ಆದ ಬಟ್ಟೆ ಕೊಡುತ್ತಾರೆ, ನಾವು ಹೊಲಿದು ಕೊಡುತ್ತೇವೆ. 30 ದಿನದ ಉದ್ದರಿ ಅಂತ ಮಾತಾಗಿರುತ್ತದೆ, ಆದರೆ ಗಡುವು ದಾಟಿದರೂ ಹಣ ಬರುವುದಿಲ್ಲ. ಹೀಗೆ ಪತ್ರ ಬರೆದಿದ್ದೆ: "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ನಮ್ಮ ಸಂಸ್ಥೆಯೊಂದಿಗೆ ಬಹಳ ವರ್ಷಗಳಿಂದ ಉತ್ತಮ ಬಾಂಧವ್ಯ ಹೊಂದಿದ್ದು, ಸದರಿ ಬಾಕಿ ಮೊತ್ತವು ಬಹಳ ದಿನಗಳಿಂದ ಪಾವತಿಯಾಗದೇ ಇರುವುದರಿಂದ ನಮಗೆ ತೊಂದರೆಯಾಗುತ್ತಿದ್ದು, ದಯಾಳುಗಳಾದ ತಾವು ಆದಷ್ಟು ಬೇಗ ಪಾವತಿಸಬೇಕಾಗಿ ಕೋರಿಕೆ." ಉತ್ತರವೇ ಬರಲಿಲ್ಲ. ಗಟ್ಟಿಯಾಗಿ ಬರೆದರೆ ಪಾರ್ಟಿ ಕೈತಪ್ಪೀತು ಅನ್ನುವ ಭಯ. ಹೆಂಗ ಬರೀಬೇಕ್ರೀ?

ಉತ್ತರ: ನಿಮ್ಮ ಪತ್ರದಲ್ಲಿ ವಿನಯಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಮಾಹಿತಿಗೆ. ಆ ಪತ್ರವನ್ನು ಮೊದಲು ಬಿಡಿಸಿ ನೋಡುವವರು ಮಾಲೀಕರಲ್ಲ, ಅವರ ಲೆಕ್ಕದವರು. ಯಾವ ಬಿಲ್ಲು, ಯಾವ ತಾರೀಖು, ಎಷ್ಟು ರೂಪಾಯಿ ಅನ್ನುವುದು ಪತ್ರದಲ್ಲಿಲ್ಲ. ಅವರು ಲೆಡ್ಜರ್ ತೆಗೆದು, ಹುಡುಕಿ, ನಿಮಗೆ ಫೋನ್ ಮಾಡಿ ಕೇಳಬೇಕು. ಅಷ್ಟು ಕೆಲಸ ಹಚ್ಚುವ ಪತ್ರ ಪಕ್ಕಕ್ಕೆ ಸರಿಯುತ್ತದೆ. "ಆದಷ್ಟು ಬೇಗ" ಅನ್ನುವುದೂ ತಾರೀಖಲ್ಲ. ಅದು ನಾಳೆಯೂ ಆಗಬಹುದು, ದೀಪಾವಳಿಯೂ ಆಗಬಹುದು. "ನಮಗೆ ತೊಂದರೆಯಾಗುತ್ತಿದೆ" ಎಂದು ಬರೆದ ಕೂಡಲೇ ನ್ಯಾಯವಾಗಿ ಬರಬೇಕಾದ ಹಣ ಸಹಾಯ ಕೇಳಿದ ಹಾಗೆ ಕಾಣುತ್ತದೆ. ಆ ಮಾತನ್ನು ತೆಗೆದುಬಿಡಿ.

ಇದೇ ಪತ್ರವನ್ನು ಹೀಗೆ ಬರೆಯಬಹುದು:

*ದಿನಾಂಕ: 11 ಏಪ್ರಿಲ್ 2025*
*ವಿಷಯ: ಬಿಲ್ ಸಂಖ್ಯೆ 112, ಬಾಕಿ ರೂ. 57,330*
*ಮಾನ್ಯರೇ,*
*840 ಜೀನ್ಸ್ ಪ್ಯಾಂಟುಗಳ ಹೊಲಿಗೆಯ ನಮ್ಮ ಬಿಲ್ ಸಂಖ್ಯೆ 112ರ (3 ಮಾರ್ಚ್ 2025) ಮೊತ್ತ ರೂ. 57,330 ಇನ್ನೂ ನಮ್ಮ ಖಾತೆಗೆ ಬಂದಿಲ್ಲ. ಮಾತಾಗಿದ್ದ 30 ದಿನದ ಗಡುವು ಏಪ್ರಿಲ್ 2ಕ್ಕೆ ಮುಗಿದಿದೆ. ದಯವಿಟ್ಟು ಏಪ್ರಿಲ್ 21, ಸೋಮವಾರದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಿ. ಮಾಲಿನಲ್ಲಿ ಅಥವಾ ಬಿಲ್ಲಿನಲ್ಲಿ ತಕರಾರು ಇದ್ದರೆ ಏಪ್ರಿಲ್ 16ರೊಳಗೆ ಬರೆದು ತಿಳಿಸಿ, ನಾವೇ ಬಂದು ನೋಡುತ್ತೇವೆ. ಬಿಲ್ಲು ಮತ್ತು ತಮ್ಮವರ ಸಹಿ ಇರುವ ಚಲನ್ ಪ್ರತಿ ಲಗತ್ತಿಸಿದ್ದೇವೆ.*

ಇದರ ಕೆಳಗೆ ಖಾತೆಯ ಹೆಸರು, ಸಂಖ್ಯೆ, ಐಎಫ್‌ಎಸ್‌ಸಿ, ಆಮೇಲೆ ಸಹಿ. ದಯವಿಟ್ಟು ಅನ್ನುವುದು ಒಂದೇ ಸಲ ಬಂದಿದೆ, ಅಷ್ಟು ಸಾಕು. ತಕರಾರು ಕೇಳಿದ ವಾಕ್ಯ ಬಹಳ ಮುಖ್ಯ. ಹಣ ತಡೆದವರಲ್ಲಿ ಕೆಲವರು ಮಾಲಿನ ಬಗ್ಗೆ ಅಸಮಾಧಾನ ಇಟ್ಟುಕೊಂಡು ಬಾಯಿಬಿಡದೆ ಕೂತಿರುತ್ತಾರೆ. ಅದು ಈಗಲೇ ಹೊರಬಂದರೆ ಇಬ್ಬರಿಗೂ ಒಳ್ಳೆಯದು. ಬರದಿದ್ದರೆ, "ನಾವು ಕೇಳಿದ್ದೆವು, ತಾವು ಏನೂ ಹೇಳಲಿಲ್ಲ" ಎಂದು ತೋರಿಸಲು ನಿಮ್ಮ ಬಳಿ ಕಾಗದ ಉಳಿಯುತ್ತದೆ.

ಸಂಬಂಧ ಕೆಡುವುದು ಗಟ್ಟಿ ಪತ್ರದಿಂದಲ್ಲ, ಹಠಾತ್ತನೆ ಬರುವ ಗಟ್ಟಿ ಪತ್ರದಿಂದ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಗಡುವಿಗೆ ಮೂರು ದಿನ ಮುಂಚೆ ವಾಟ್ಸಾಪ್‌ನಲ್ಲಿ ಬಿಲ್ ಸಂಖ್ಯೆ, ಮೊತ್ತ, ತಾರೀಖು ಇರುವ ಒಂದು ಸಾಲು. ಗಡುವು ದಾಟಿ ವಾರವಾದ ಮೇಲೆ ಮೇಲಿನ ಪತ್ರ. ಅದಕ್ಕೂ ಉತ್ತರ ಬರದಿದ್ದರೆ ಮಾತ್ರ ಕಾನೂನಿನ ಮಾತು.

ನಿಮ್ಮ ಯೂನಿಟ್ ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಗಿದ್ದರೆ, ಅದೂ ಕೆಲಸ ಒಪ್ಪಿಸುವ ಮುಂಚೆಯೇ ಆಗಿದ್ದರೆ, 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ ನಿಮ್ಮ ಬೆನ್ನಿಗಿದೆ. ಅದರ 15ನೇ ಕಲಮಿನ ಪ್ರಕಾರ ಬರಹದ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕ್ ಸಾರಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಲೆಕ್ಕದ ಚಕ್ರಬಡ್ಡಿ. ಜೊತೆಗೆ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಪಾರ್ಟಿಯ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ಬಿಲ್ಲಿನ ತಲೆಯಲ್ಲೇ ನಿಮ್ಮ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ. ಎಷ್ಟೋ ಸಲ ಅಷ್ಟರಿಂದಲೇ ಕೆಲಸವಾಗುತ್ತದೆ. 30 ದಿನದ ಮಾತನ್ನು ಮುಂದಿನ ಆರ್ಡರ್‌ನಿಂದ ಬರಹದಲ್ಲೇ ಇಡಿ, ಬಾಯಿಮಾತಿಗೆ 15ನೇ ಕಲಮು ಬೆಲೆ ಕೊಡುವುದಿಲ್ಲ.

ಚೆಕ್ ಬೌನ್ಸ್ ಆಗಿದ್ದರೆ ದಾರಿಯೇ ಬೇರೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಇರುತ್ತದೆ. ಆ ನೋಟಿಸನ್ನು ವಕೀಲರಿಂದಲೇ ಬರೆಸಿ. ಮೊತ್ತ ಚೆಕ್ಕಿನಲ್ಲಿ ಇರುವಂತೆಯೇ ಇರಲಿ. ಹಳೆ ಬಾಕಿ, ಬಡ್ಡಿ ಎಲ್ಲ ಕಲಸಿ ಒಂದೇ ಅಂಕಿ ಬರೆದರೆ ನೋಟಿಸೇ ಬಿದ್ದುಹೋಗಬಹುದು.

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹೊರ ಊರಿನ ವ್ಯಾಪಾರಿಗಳಿಗೆ ವಾಟ್ಸಾಪ್‌ನಲ್ಲೇ ದರ ಕಳಿಸುತ್ತೇವೆ. ಮಾಲು ಹೋದ ಮೇಲೆ "ನೀವು ಹೇಳಿದ್ದು ಇದಲ್ಲ" ಅಂತ ಜಗಳ. ದರದ ಚೀಟಿಯಲ್ಲಿ ಏನೇನು ಇರಬೇಕು?

ಉತ್ತರ: ಜಗಳದ ಬೇರು ಹೆಚ್ಚಾಗಿ "ಚೀಲ" ಅನ್ನುವಲ್ಲಿ ಇರುತ್ತದೆ. ನಿಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಚೀಲಕ್ಕೆ 1,800 ಅಂದರೆ ಕ್ವಿಂಟಲ್‌ಗೆ 2,400 ಎಂದು ಗಂಗಾವತಿ, ಸಿಂಧನೂರು, ಸಿರುಗುಪ್ಪದವರು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಹೊರಗಿನವರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಅಕ್ಕಿಯಲ್ಲಂತೂ 25, 26, 50 ಕೆಜಿ ಮೂರೂ ಓಡಾಡುತ್ತವೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ವರೆಗಿನ ಅಕ್ಕಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂತು, 26 ಕೆಜಿ ಚೀಲ ಮಾರುಕಟ್ಟೆಗೆ ಬಂದದ್ದು ಆ ಕಾರಣಕ್ಕೇ. ಚೀಲದ ತೂಕ ಬರೆಯದಿದ್ದರೆ ತೂಕದ ಜೊತೆ ತೆರಿಗೆಯ ಲೆಕ್ಕವೂ ಅಡ್ಡಾದಿಡ್ಡಿಯಾಗುತ್ತದೆ. ಆದ್ದರಿಂದ ದರ ಯಾವಾಗಲೂ ಕ್ವಿಂಟಲ್‌ಗೆ ಹೇಳಿ, ಪಕ್ಕದಲ್ಲಿ ಚೀಲದ ಲೆಕ್ಕ ಕೊಡಿ:

*ಸೋನಾ ಮಸೂರಿ, ಸ್ಟೀಮ್, ಹಳೆ ಅಕ್ಕಿ. 26 ಕೆಜಿಯ 400 ಚೀಲ = 104 ಕ್ವಿಂಟಲ್. ದರ ಕ್ವಿಂಟಲ್‌ಗೆ ರೂ. 5,200 (ಚೀಲಕ್ಕೆ 1,352). ಒಟ್ಟು ರೂ. 5,40,800. ಮಿಲ್ ಬಾಗಿಲ ದರ: ಚೀಲ ಮತ್ತು ಇಲ್ಲಿನ ಹಮಾಲಿ ಸೇರಿದೆ, ಲಾರಿ ಬಾಡಿಗೆ, ಅಲ್ಲಿನ ಹಮಾಲಿ ತಮ್ಮದು. ನುಚ್ಚು ಶೇ 5ರೊಳಗೆ. ತೂಕ ನಮ್ಮ ವೇಬ್ರಿಜ್ ಚೀಟಿಯಂತೆ. ಅರ್ಧ ಹಣ ಲೋಡಿಂಗ್‌ಗೆ ಮುಂಚೆ, ಉಳಿದದ್ದು ಮಾಲು ಇಳಿದ ದಿನ. ಈ ದರ ಜೂನ್ 14, ಶನಿವಾರ ಸಂಜೆ 5ರ ವರೆಗೆ.*

ಕೊನೆಯ ಸಾಲು ಬಿಟ್ಟರೆ, ದರ ಏರಿದ ವಾರ ಹಳೆ ಮೆಸೇಜಿಗೆ "ಓಕೆ" ಎಂದು ಉತ್ತರ ಬಂದು ಕೂರುತ್ತದೆ. ಭತ್ತ ಕೊಳ್ಳುವ ಚೀಟಿಯಾದರೆ ತೇವಾಂಶವನ್ನೂ ಬರೆಯಿರಿ. ಸರ್ಕಾರಿ ಖರೀದಿಯಲ್ಲಿ ಮಿತಿ ಶೇ 17. ನಿಮ್ಮ ಮಿತಿ ಎಷ್ಟು, ಮೀರಿದರೆ ಕ್ವಿಂಟಲ್‌ಗೆ ಎಷ್ಟು ಕಡಿತ ಅನ್ನುವುದು ಮೊದಲೇ ಬರಹದಲ್ಲಿ ಇದ್ದರೆ ಕಾಟಾದ ಮುಂದೆ ನಿಂತು ರೈತರ ಜೊತೆ ವಾದ ಮಾಡುವುದು ತಪ್ಪುತ್ತದೆ. ಇದು ಅವರಿಗೆ ನೀವು ಸಲ್ಲಿಸಬೇಕಾದ ಮರ್ಯಾದೆ ಕೂಡ.

ಧ್ವನಿ ಸಂದೇಶದಲ್ಲಿ ವ್ಯಾಪಾರ ಕುದುರಿಸುವುದು ತಪ್ಪಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಮಾತು ಮುಗಿದ ಕೂಡಲೇ "ಈಗ ಮಾತಾದಂತೆ" ಎಂದು ಶುರು ಮಾಡಿ ಮೇಲಿನ ವಿವರ ಟೈಪ್ ಮಾಡಿ ಕಳಿಸಿ, "ಸರಿ ಇದೆ" ಅನ್ನುವ ಉತ್ತರ ಬಂದ ಮೇಲೆ ಲಾರಿಗೆ ಮಾಲು ಏರಿಸಿ.

ಪ್ರಶ್ನೆ: ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಕಚೇರಿಯಲ್ಲಿದ್ದೇನೆ. ಪತ್ರದಲ್ಲಿ "ತಾವು" ಬರೆಯಬೇಕೋ "ನೀವು" ಬರೆಯಬೇಕೋ? ಪರಿಚಯದ ವ್ಯಾಪಾರಿಗಳಿಗೆ "ಅಣ್ಣಾವ್ರೇ", "ಸಾವ್ಕಾರ್ರೇ" ಅನ್ನಬಹುದೇ?

ಉತ್ತರ: ಎರಡೂ ನಡೆಯುತ್ತವೆ, ಬೆರೆಸುವುದು ಮಾತ್ರ ಬೇಡ. ಮೊದಲ ಸಾಲಿನಲ್ಲಿ "ತಾವು", ನಾಲ್ಕನೆಯದರಲ್ಲಿ "ನಿಮ್ಮ" ಎಂದಾಗ ಮಾದರಿ ನೋಡಿ ನಕಲು ಮಾಡಿದ್ದು ಗೊತ್ತಾಗಿಬಿಡುತ್ತದೆ. ಹೊಸಬರಿಗೆ, ಸರ್ಕಾರಿ ಕಚೇರಿಗೆ, ಬಾಕಿ ಪತ್ರಕ್ಕೆ "ತಾವು". ದಿನನಿತ್ಯದ ಗಿರಾಕಿಗಳಿಗೆ "ನೀವು". ವಾಟ್ಸಾಪ್ ಮಾತುಕತೆಯಲ್ಲಿ ಅಣ್ಣಾವ್ರು, ಸಾವ್ಕಾರ್ರು ಇರಲಿ, ಅದು ನಮ್ಮ ಭಾಗದ ರೂಢಿ. ಆದರೆ ಬಿಲ್ಲು, ಕರಾರು, ದೂರು, ನೋಟಿಸು ನಾಳೆ ಮೂರನೆಯವರ ಕೈಗೆ ಹೋಗಬಹುದು. ಅಲ್ಲಿ "ಮಾನ್ಯರೇ" ಸಾಕು, ಓದುವವರು ಹೆಣ್ಣೋ ಗಂಡೋ ತಿಳಿಯದಾಗಲೂ ಅದು ಸರಿಹೋಗುತ್ತದೆ. "ವ್ಯವಸ್ಥಾಪಕರು ರವರಿಗೆ" ಎಂದು ಬರೆಯುವ ಚಟ ಬಿಡಿ. "ವ್ಯವಸ್ಥಾಪಕರಿಗೆ" ಎಂದರೆ ಗೌರವ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಕೊಪ್ಪಳದಿಂದ. ಕಿನ್ನಾಳ ಗೊಂಬೆಗಳ ಆರ್ಡರ್‌ಗೆ ಬೆಂಗಳೂರಿನ ಅಂಗಡಿಯವರಿಗೆ ಕನ್ನಡದಲ್ಲಿ ಕೊಟೇಶನ್ ಟೈಪ್ ಮಾಡಿಸಿ ಮೇಲ್ ಮಾಡಿದೆವು. ಅವರ ಮೊಬೈಲ್‌ನಲ್ಲಿ ಬರೀ ಗೀಚುಗೀಚು ಅಕ್ಷರ ಬಂದಿವೆಯಂತೆ. ಇಂಗ್ಲಿಷಿನಲ್ಲೇ ಕಳಿಸಬೇಕೇ?

ಉತ್ತರ: ಭಾಷೆಯ ದೋಷವಲ್ಲ, ಫಾಂಟಿನದು. ಡಿಟಿಪಿ ಅಂಗಡಿಯಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ. "ಯೂನಿಕೋಡ್‌ನಲ್ಲಿ ಹೊಡೆಯಿರಿ" ಎಂದು ಮೊದಲೇ ಹೇಳಿ (ಅದು ಎಲ್ಲ ಮೊಬೈಲ್, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿ), ಕೊನೆಗೆ ಪಿಡಿಎಫ್ ಮಾಡಿಸಿ, ನಿಮ್ಮದೇ ಮೊಬೈಲ್‌ನಲ್ಲಿ ತೆರೆದು ನೋಡಿ ಕಳಿಸಿ. ಕೊಟೇಶನ್‌ನಲ್ಲಿ ಪ್ರತಿ ಗೊಂಬೆಯ ಫೋಟೋ, ಎತ್ತರ ಇಂಚಿನಲ್ಲಿ, ಎಷ್ಟು ದಿನದಲ್ಲಿ ಎಷ್ಟು ಕೊಡಬಲ್ಲಿರಿ ಅನ್ನುವುದು ಇರಲಿ. ಕೈಬಣ್ಣದ ಕೆಲಸವಾದ್ದರಿಂದ ಒಂದಕ್ಕೊಂದು ಸ್ವಲ್ಪ ವ್ಯತ್ಯಾಸ ಇರುತ್ತದೆ ಎಂದೂ ಬರೆಯಿರಿ. ಖರೀದಿ ವಿಭಾಗದವರು ಕನ್ನಡ ಓದದವರಾದರೆ ಮಾತ್ರ ಇಂಗ್ಲಿಷ್ ಪ್ರತಿ ಜೊತೆಗಿಡಿ. ಕನ್ನಡದ ಅಂಗಡಿಗೆ ಕನ್ನಡದಲ್ಲೇ ಬರೆಯಿರಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್ ಇದೆ. 1,200 ಪೀಸಿನಲ್ಲಿ ಸುಮಾರು 300ಕ್ಕೆ ಶೇಡ್ ಬೇರೆ ಬಂದಿದೆ ಎಂದು ಪಾರ್ಟಿ ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ತಪ್ಪು ನಮ್ಮದೋ ಬಟ್ಟೆಯದೋ ಇನ್ನೂ ಗೊತ್ತಿಲ್ಲ. ಕ್ಷಮೆ ಕೇಳಿದರೆ ಪೂರ್ತಿ ನಷ್ಟ ನಮ್ಮ ತಲೆಗೆ ಬಂದೀತೇ?

ಉತ್ತರ: ಗೊತ್ತಿಲ್ಲದ್ದನ್ನು ಒಪ್ಪಬೇಡಿ, ಅಲ್ಲಗಳೆಯಲೂ ಬೇಡಿ. "ನಮ್ಮದೇನೂ ತಪ್ಪಿಲ್ಲ" ಎಂದು ಬರೆದು ನಾಳೆ ತಪ್ಪು ಸಿಕ್ಕರೆ ನಿಮ್ಮ ಮಾತಿಗೆ ಬೆಲೆ ಉಳಿಯದು. "ಪೂರ್ತಿ ನಷ್ಟ ಭರಿಸುತ್ತೇವೆ" ಎಂದರೆ ಮಾರನೇ ದಿನವೇ ಆ ಮೊತ್ತವನ್ನು ನಿಮ್ಮ ಲೆಕ್ಕದಲ್ಲಿ ಕಳೆಯುವ ಡೆಬಿಟ್ ನೋಟ್ ಬರುತ್ತದೆ. ತೊಂದರೆಗೆ ವಿಷಾದ ಹೇಳುವುದು ಬೇರೆ, ಹೊಣೆ ಒಪ್ಪುವುದು ಬೇರೆ. ಮೊದಲನೆಯದನ್ನು ಧಾರಾಳವಾಗಿ ಹೇಳಿ: "300 ಪೀಸುಗಳಿಗೆ ಶೇಡ್ ಬೇರೆ ಬಂದಿದೆ ಎಂಬ ತಮ್ಮ ಪತ್ರ ಇಂದು ತಲುಪಿತು. ತಮಗಾದ ತೊಂದರೆಗೆ ವಿಷಾದಿಸುತ್ತೇವೆ." ನಂತರ ಏನು ಮಾಡುತ್ತೀರಿ, ಯಾವಾಗ ಅನ್ನುವುದು: "ನಮ್ಮ ವಾಷಿಂಗ್ ಮಾಸ್ಟರ್ ಗುರುವಾರ ಬೆಳಿಗ್ಗೆ 11ಕ್ಕೆ ತಮ್ಮ ಗೋದಾಮಿಗೆ ಬರುತ್ತಾರೆ. ಆ ಪೀಸುಗಳನ್ನು ಲಾಟ್ ಚೀಟಿ ಸಮೇತ ಬೇರೆ ಇಡಿಸಿ. ಶನಿವಾರದೊಳಗೆ ಕಾರಣವನ್ನೂ ಪರಿಹಾರವನ್ನೂ ಬರಹದಲ್ಲಿ ತಿಳಿಸುತ್ತೇವೆ."

ಲಾಟ್ ಚೀಟಿ ಕೇಳುವುದಕ್ಕೆ ಕಾರಣವಿದೆ. ಬೇರೆ ಬೇರೆ ಡೈ ಲಾಟಿನ (ಬೇರೆ ಬೇರೆ ಸಲ ಬಣ್ಣ ಹಾಕಿದ) ಬಟ್ಟೆಯ ಥಾನುಗಳಿಂದ ಕತ್ತರಿಸಿದ ಪ್ಯಾಂಟು ಒಂದೇ ಮಷೀನಿಗೆ ಬಿದ್ದರೆ, ಅದೇ ಎನ್ಜೈಮ್, ಅದೇ ಸಮಯಕ್ಕೂ ಬಣ್ಣ ಬೇರೆ ಬೇರೆಯಾಗಿ ಇಳಿಯುತ್ತದೆ. ಅದು ಬಟ್ಟೆಯ ಕಡೆಯ ದೋಷ. ಒಂದೇ ಲಾಟಿನ ಪೀಸು ಎರಡು ಲೋಡಿನಲ್ಲಿ ಬೇರೆಯಾಗಿ ಬಂದಿದ್ದರೆ ನೀರಿನ ಪ್ರಮಾಣ, ಬಿಸಿ, ಸಮಯ, ಕೆಮಿಕಲ್ ಅಳತೆಯಲ್ಲಿ ನಿಮ್ಮಲ್ಲೇ ಹೆಚ್ಚುಕಡಿಮೆ ಆಗಿದೆ. ಲೋಡ್ ರಿಜಿಸ್ಟರ್ ತೆಗೆದು ಎರಡನ್ನೂ ತಾಳೆ ನೋಡಿ.

ಎರಡನೇ ಪತ್ರದಲ್ಲಿ ಕಂಡದ್ದನ್ನು ಅಂಕಿಯಲ್ಲಿ ಬರೆಯಿರಿ. ನೋಡಿದ್ದು ಎಷ್ಟು, ಶೇಡ್ ಬೇರೆ ಇದ್ದದ್ದು ಎಷ್ಟು, ಅದರಲ್ಲಿ ಮತ್ತೆ ವಾಷ್ ಮಾಡಿ ಸರಿಪಡಿಸಬಹುದಾದದ್ದು ಎಷ್ಟು. ದೋಷ ನಿಮ್ಮದೇ ಆಗಿದ್ದರೆ "ತಾಂತ್ರಿಕ ಕಾರಣದಿಂದ ವ್ಯತ್ಯಾಸ ಉಂಟಾಗಿರುತ್ತದೆ" ಎಂದು ಯಾರೂ ಮಾಡದ ಕೆಲಸದಂತೆ ಬರೆಯಬೇಡಿ. "ನಮ್ಮ ಎರಡನೇ ಲೋಡಿನಲ್ಲಿ ಸಮಯ ಹೆಚ್ಚಾಗಿದೆ, ಈ ಪೀಸುಗಳ ವಾಷಿಂಗ್ ಚಾರ್ಜ್ ಬಿಡುತ್ತೇವೆ" ಎಂದು ಬರೆಯಿರಿ. ಚಾರ್ಜ್ ಬಿಡುವುದಾದರೆ, ಬಿಲ್ಲಿನಿಂದ ಅಷ್ಟು ಕಳೆದದ್ದನ್ನು ತೋರಿಸುವ ಕ್ರೆಡಿಟ್ ನೋಟಿನ ಸಂಖ್ಯೆ ಅದೇ ಪತ್ರದಲ್ಲಿ ಇರಲಿ. ಮುಂದಿನ ಆರ್ಡರ್‌ನಿಂದ ಮಾಲು ಒಳಬರುವಾಗಲೇ ಚಲನ್ ಮೇಲೆ ಲಾಟ್ ಸಂಖ್ಯೆ ಬರೆಸಿ, ಒಂದು ಪೀಸು ಸ್ಯಾಂಪಲ್ ವಾಷ್ ಮಾಡಿ, ಅದರ ಮೇಲೆ ಪಾರ್ಟಿಯ ಸಹಿ ತೆಗೆದುಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ.